ಮುಹರ್ರಕ್‌ನಲ್ಲಿ ಅತ್ತೆ ಹುಡುಕಿದ ಅಡುಗೆಮನೆ

ಊರಿನಿಂದ ನಮ್ಮ ಮನೆಗೆ ಯಾರೇ ಬರಲಿ, ಅವರಿಗೆ ಬಹರೈನ್ ತೋರಿಸಲು ಹೊರಟರೆ ಏನಾದರೊಂದು ಫಜೀತಿ ಆಗದೆ ವಾಪಸು ಬಂದದ್ದು ನನಗೆ ನೆನಪಿಲ್ಲ. ಇದು ಬಂದವರ ತಪ್ಪೋ, ಊರಿನ ತಪ್ಪೋ, ಕಾರು ಓಡಿಸುವ ನನ್ನ ಗಂಡನ ತಪ್ಪೋ ಎಂದು ಬಹಳ ಯೋಚಿಸಿದ್ದೇನೆ. ಸಾಮಾನ್ಯವಾಗಿ ಮೂರನೆಯದೇ. ಆದರೆ ಕಳೆದ ಚಳಿಗಾಲದಲ್ಲಿ ಅತ್ತೆ ಬಂದಾಗ ಆದದ್ದಕ್ಕೆ ಮಾತ್ರ ಪಾಪ, ಗಂಡನನ್ನು ದೂರುವ ಹಾಗಿಲ್ಲ.

ನಾವಿರುವುದು ಉಮ್ ಅಲ್ ಹಸ್ಸಮ್‌ನ ಹಳೆಯ ಫ್ಲ್ಯಾಟೊಂದರಲ್ಲಿ. ನಾನು ಸಲ್ಮಾನಿಯಾ ಕಡೆಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಅತ್ತೆ ಕುಂದಾಪುರದ ಆಚೆಯ ತ್ರಾಸಿಯವರು, ವಿಸಿಟ್ ವೀಸಾದಲ್ಲಿ ಬಂದಿದ್ದರು. ಮಾಲ್ ತೋರಿಸಿದೆವು. ಇದು ಮಂಗಳೂರಿನಲ್ಲೂ ಇದೆ ಎಂದರು. ಸಮುದ್ರ ತೋರಿಸಿದೆವು. ಅವರ ಮನೆಯ ಹಿತ್ತಿಲಿನಿಂದಲೇ ಸಮುದ್ರ ಕಾಣುತ್ತದೆ, ಅದಕ್ಕೆ ಸಮುದ್ರ ಬಿಟ್ಟು ನನ್ನ ಮುಖ ನೋಡಿದರು. ಕಡೆಗೆ ನಾನೇ ಸೋತು, ನಿಮಗೆ ಎಂತ ನೋಡಬೇಕು ಹೇಳಿ ಅತ್ತೆ ಎಂದೆ.

"ಇಲ್ಲಿಯವ್ರ್ ಅಡುಗೆಮನೆ ಕಾಣ್ಕ್," ಎಂದರು.

ಅದಕ್ಕೊಂದು ಹಿನ್ನೆಲೆ ಇದೆ. ಅತ್ತೆಯ ತಂಗಿ, ಅಂದರೆ ನಮ್ಮ ಚಿಕ್ಕಮ್ಮ, ಹಿಂದೆ ಮಸ್ಕತ್ತಿಗೆ ಹೋಗಿ ಬಂದು ತಿಂಗಳುಗಟ್ಟಲೆ ಅದೇ ಕಥೆ ಹೇಳಿದ್ದರು. ಒಂದು ಮದುವೆ ಮನೆಯಲ್ಲಿ ನಮ್ಮ ಅತ್ತೆ ಎಲ್ಲರೆದುರು, ಅಲ್ಲಿಯವರ ಅಡುಗೆಮನೆ ಹೇಗಿದೆ ಎಂದು ಕೇಳಿಬಿಟ್ಟರು. ಚಿಕ್ಕಮ್ಮ ನೋಡಿರಲಿಲ್ಲ. ಹಾಗಾದರೆ ನೀನು ಮಸ್ಕತ್ತೇ ನೋಡಲಿಲ್ಲ ಬಿಡು ಎಂದು ಅತ್ತೆ ನಕ್ಕರು, ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಈಗ ಅತ್ತೆ ತಾವೇ ಗಲ್ಫಿಗೆ ಬಂದು ಅಡುಗೆಮನೆ ನೋಡದೆ ಹಿಂದೆ ಹೋದರೆ ಚಿಕ್ಕಮ್ಮ ಬಿಡುತ್ತಾರೆಯೇ? ನನಗೂ ಇಕ್ಕಟ್ಟು. ಇಷ್ಟು ವರ್ಷದಿಂದ ಇಲ್ಲಿದ್ದೇನೆ, ಕ್ಲಿನಿಕ್ಕಿಗೆ ಬರುವ ಬಹರೈನಿ ಹೆಂಗಸರು ನನ್ನ ಕೆನ್ನೆ ಹಿಡಿದು ಮಾತಾಡಿಸುತ್ತಾರೆ, ಆದರೆ ಒಬ್ಬರ ಅಡುಗೆಮನೆಯನ್ನೂ ನಾನು ಕಂಡಿಲ್ಲ.

ಆಗ ನನ್ನ ಗಂಡನಿಗೆ ಹೊಳೆಯಿತು. ಮುಹರ್ರಕ್‌ನಲ್ಲಿ ಉತ್ಸವ ಶುರುವಾಗಿದೆ, ಹಳೆಯ ಮನೆಗಳನ್ನೆಲ್ಲ ತೆರೆದಿಟ್ಟಿದ್ದಾರೆ, ಯಾರು ಬೇಕಾದರೂ ಒಳಗೆ ಹೋಗಬಹುದು. ಅತ್ತೆ ಆಗಲೇ ಸೀರೆ ಬದಲಿಸಲು ಎದ್ದರು.

೧. ಚಪ್ಪಲಿ

ಮುಹರ್ರಕ್ ಹಿಂದಿನ ಕಾಲದ ರಾಜಧಾನಿ. ಮುತ್ತಿನ ವ್ಯಾಪಾರಿಗಳು ಕಟ್ಟಿಸಿದ ಮನೆಗಳು, ಸಮುದ್ರದ ಹವಳದ ಕಲ್ಲಿನ ಗೋಡೆ, ಕೆತ್ತನೆಯ ಬಾಗಿಲು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಓಣಿಗಳು. ಉತ್ಸವದ ದಿನಗಳಲ್ಲಿ ಓಣಿ ತುಂಬ ದೀಪ, ಹಲ್ವದ ಪರಿಮಳ, ಮರಳುಗಾಡಿನ ತಣ್ಣನೆ ಗಾಳಿ. ಅತ್ತೆ ಶಾಲನ್ನು ತಲೆಗೆ ಸುತ್ತಿಕೊಂಡು ಪ್ರತಿ ಬಾಗಿಲನ್ನೂ ಮುಟ್ಟಿ ಮುಟ್ಟಿ ನೋಡುತ್ತ ನಡೆದರು.

ಮೊದಲ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರು. ಬಿಡುವುದು ಬೇಡ ಎಂದು ಕಾವಲಿನವನು ಕೈ ಆಡಿಸಿದ. ಸರಿಯಾಗಿ ಇಡಲು ಹೇಳುತ್ತಿದ್ದಾನೆ ಎಂದುಕೊಂಡ ಅತ್ತೆ ಅದನ್ನು ಗೋಡೆಯ ಬದಿಗೆ ನೀಟಾಗಿ ಜೋಡಿಸಿಟ್ಟು ಒಳಗೆ ಹೋದರು. ಒಳಗೆ ಅಡುಗೆಮನೆಯೇನೋ ಇತ್ತು. ಒಲೆಯೂ ಇತ್ತು, ತಾಮ್ರದ ಹಂಡೆಯೂ ಇತ್ತು. ಅತ್ತೆ ಹಂಡೆಯ ತಳಕ್ಕೆ ಬೆರಳು ಒರೆಸಿ ನನಗೆ ತೋರಿಸಿದರು. ಬೆರಳಲ್ಲಿ ಮಸಿ ಇಲ್ಲ. ಅಡುಗೆ ಆಗದ ಅಡುಗೆಮನೆ ಲೆಕ್ಕಕ್ಕಿಲ್ಲ ಎಂದು ತೀರ್ಮಾನವಾಯಿತು.

ಹೊರಗೆ ಬಂದರೆ ಅತ್ತೆಯ ಹವಾಯಿ ಚಪ್ಪಲಿಯ ಪಕ್ಕ ಉದ್ದಕ್ಕೆ ಬೂಟುಗಳ ಸಾಲು. ನಮ್ಮ ಹಿಂದೆ ಬಂದ ಬಿಳಿ ಪ್ರವಾಸಿಗಳ ಗುಂಪೊಂದು ಇಲ್ಲಿಯ ಪದ್ಧತಿ ಇದೇ ಇರಬೇಕೆಂದು ಭಕ್ತಿಯಿಂದ ಬೂಟು ಕಳಚಿತ್ತು. ಕಾಲುಚೀಲದಲ್ಲಿ ನಡೆದಾಡುತ್ತಿದ್ದ ಒಬ್ಬಾಕೆ, ಈ ಸಂಪ್ರದಾಯ ಎಷ್ಟು ಹಳೆಯದು ಎಂದು ಕಾವಲಿನವನನ್ನು ಕೇಳುತ್ತಿದ್ದಳು. ಅವನು ಅತ್ತೆಯನ್ನೇ ನೋಡುತ್ತಿದ್ದ. ಮುಂದಿನ ವಾರ ನಾವು ಹೋದಾಗ ಆ ಬಾಗಿಲಲ್ಲಿ ಮರದ ಒಂದು ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದರು.

೨. ವೇಷ

ಓಣಿಯ ಕೊನೆಯ ಚೌಕದಲ್ಲಿ ಹಾಡು ನಡೆಯುತ್ತಿತ್ತು. ಮುತ್ತು ತೆಗೆಯಲು ಹಡಗಿನಲ್ಲಿ ಹೋಗುತ್ತಿದ್ದವರ ಹಳೆಯ ಹಾಡುಗಳು. ಒಬ್ಬರು ಎತ್ತರದ ದನಿಯಲ್ಲಿ ಎಳೆದು ಹಾಡುತ್ತಾರೆ, ಉಳಿದವರು ಎದೆಯಾಳದಿಂದ ಹೂಂಕರಿಸುತ್ತ ಚಪ್ಪಾಳೆ ತಟ್ಟುತ್ತಾರೆ, ಒಂದಿಬ್ಬರು ಮಣ್ಣಿನ ಕೊಡ ಬಡಿಯುತ್ತಾರೆ. ಅತ್ತೆಗೆ ಬಲು ಇಷ್ಟವಾಯಿತು. ಮುಂದಿನ ಸಾಲಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ತಾಳ ಹಾಕಿದರು. ಆದರೆ ಸ್ವಲ್ಪ ಹೊತ್ತಿನಲ್ಲೇ ಚಡಪಡಿಕೆ ಶುರುವಾಯಿತು. ಭಾಗವತರು ಇಷ್ಟು ಹೊತ್ತು ಹಾಡಿದರು, ಇನ್ನೂ ವೇಷ ಯಾಕೆ ಬರಲಿಲ್ಲ ಎಂದು ಕೇಳಿದರು.

ಇದು ಯಕ್ಷಗಾನ ಅಲ್ಲ ಅತ್ತೆ, ಇದರಲ್ಲಿ ವೇಷ ಇಲ್ಲ ಎಂದೆ. ವೇಷ ಇಲ್ಲದೆ ಇಷ್ಟು ಜನ ಯಾಕೆ ಕಾಯುತ್ತಾರೆ ಎಂದು ನನ್ನನ್ನೇ ಕೇಳಿದರು.

ಅಷ್ಟರಲ್ಲಿ ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಯಾರೋ ದೊಡ್ಡ ಮನುಷ್ಯರು. ಬಂಗಾರದ ಜರಿಯ ಅಂಚಿನ ತೆಳುವಾದ ಕಪ್ಪು ನಿಲುವಂಗಿ, ಬಿಳಿ ಗಡ್ಡ, ಗಂಭೀರ ನಡಿಗೆ, ಹಿಂದೆ ನಾಲ್ಕು ಜನ. ಅತ್ತೆ ಎದ್ದು ನಿಂತು ಕೈಮುಗಿದರು. ಅವರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿ, ಎದುರಿನ ಕುರ್ಚಿಯಲ್ಲಿ ಕೂತರು. ಅತ್ತೆ ನನ್ನ ಪಕ್ಕೆಗೆ ತಿವಿದು, ಇನ್ನು ಕುಣಿತ ನೋಡು ಎಂದರು. ನನಗೆ ನಾಚಿಕೆಯಾಗಿ ಕೈ ಹಿಡಿದು ಕೂರಿಸಲು ನೋಡಿದೆ. ಕುಣಿಯುವವರಲ್ಲ ಅವರು, ಅತಿಥಿಗಳು, ಸುಮ್ಮನಿರಿ ಎಂದು ಗದರಿದೆ ಕೂಡ.

ಚೆಂಡೆಯ ಹಾಗೆ ಒಂದು ವಾದ್ಯ ಜೋರಾಯಿತು. ಆ ದೊಡ್ಡ ಮನುಷ್ಯರು ಮೆಲ್ಲಗೆ ಎದ್ದು, ನಿಲುವಂಗಿ ಸರಿಪಡಿಸಿಕೊಂಡು, ಹಾಡುವವರ ಜೊತೆ ಭುಜ ಸೇರಿಸಿ ನಾಲ್ಕು ಹೆಜ್ಜೆ ಹಾಕಿದರು.

"ನಾನ್ ಮೊದ್ಲೇ ಹೇಳ್ಲಿಲ್ಯಾ?" ಎಂದರು ಅತ್ತೆ.

೩. ಥೇಟ್ ಮನೆಯ ಹಾಗೆ

ಅಡುಗೆಮನೆಯ ಚಿಂತೆ ಹಾಗೇ ಇತ್ತು. ಇನ್ನೂ ಎರಡು ಮನೆ ನೋಡಿದೆವು. ಒಂದರಲ್ಲಿ ಅಡುಗೆಮನೆ ಇದ್ದ ಜಾಗದಲ್ಲಿ ಕಾಫಿ ಅಂಗಡಿ, ಇನ್ನೊಂದರಲ್ಲಿ ಗೋಡೆಯ ಮೇಲೆ ಅಡುಗೆಮನೆಯ ಫೋಟೊ. ಗಂಡ ಇನ್ನೂ ಪಾರ್ಕಿಂಗ್ ಹುಡುಕುತ್ತ ಎಲ್ಲೋ ಸುತ್ತುತ್ತಿದ್ದರು. ಅಷ್ಟರಲ್ಲಿ ಅತ್ತೆ ಮೂಗು ಅರಳಿಸಿ ನಿಂತರು. ಈರುಳ್ಳಿ ಹುರಿಯುವ ವಾಸನೆ. ವಾಸನೆಯ ಜಾಡು ಹಿಡಿದು ಓಣಿಯ ತಿರುವಿನಲ್ಲಿ ಅರ್ಧ ತೆರೆದಿದ್ದ ಬಾಗಿಲೊಂದನ್ನು ದಾಟಿ ಒಳಗೆ ನಡೆದೇಬಿಟ್ಟರು. ನಾನು ಹಿಂದೆ.

ಆಹಾ, ಎಂಥ ಪ್ರದರ್ಶನ! ನಡುವೆ ಅಂಗಳ, ಅಂಗಳದಲ್ಲಿ ಒಂದು ಬೋರೆ ಮರ, ಹಗ್ಗದ ಮೇಲೆ ಒಣಹಾಕಿದ ಬಟ್ಟೆ, ಕಟ್ಟೆಯ ಮೇಲೆ ಕಪ್ಪು ಬಟ್ಟೆಯ ಅಜ್ಜಿಯೊಬ್ಬರು, ಎದುರಿಗೆ ಕಾವಾ ಎಂಬ ಅರಬ್ಬಿ ಕಾಫಿಯ ಹೂಜಿ. ಅಂಗಳದ ಆ ತುದಿಯಲ್ಲಿ ಮುಚ್ಚಿದ ಒಂದು ಬಾಗಿಲು, ವಾಸನೆ ಅಲ್ಲಿಂದಲೇ. ಅಜ್ಜಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ಕೂತುಕೊಳ್ಳಿ ಎಂದು ಸನ್ನೆ ಮಾಡಿದರು. ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಾವಾ ಕೊಟ್ಟರು. ಅತ್ತೆ ಅದನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದದ್ದು ನೋಡಿ ಅಜ್ಜಿಗೆ ಎಷ್ಟು ಖುಷಿಯಾಯಿತೆಂದರೆ, ಮತ್ತೆ ಮತ್ತೆ ತುಂಬಿಸಿ ಕುಡಿಸಿ ನೋಡಿದರು.

ಅಜ್ಜಿಗೆ ಹಳೆಯ ಸಿನಿಮಾಗಳಿಂದ ಕಲಿತ ಹಿಂದಿ ಚೆನ್ನಾಗಿ ಬರುತ್ತಿತ್ತು. ನಾನು ಮನಸ್ಸು ಬಿಚ್ಚಿ ಹೊಗಳಿದೆ. ಇವತ್ತು ನೋಡಿದ್ದರಲ್ಲೆಲ್ಲ ನಿಮ್ಮದೇ ಚೆನ್ನಾಗಿದೆ, ಒಣಹಾಕಿದ ಬಟ್ಟೆಯ ತನಕ ಎಷ್ಟು ಯೋಚನೆ ಮಾಡಿ ಇಟ್ಟಿದ್ದಾರೆ, ಥೇಟ್ ಮನೆಯ ಹಾಗೇ ಇದೆ ಎಂದೆ.

"ಮನೆಯೇ ಮಗಳೇ ಇದು," ಎಂದರು ಅಜ್ಜಿ.

೪. ಬೋಗುಣಿ

ನಾನು ಭೂಮಿಗೆ ಇಳಿದು ಹೋದೆ. ಅಜ್ಜಿ ನಗುತ್ತ ನಮ್ಮನ್ನು ಕಳಿಸಿಕೊಡುವಾಗ ನೀಲಿ ಹೂವಿನ ಮುಚ್ಚಳದ ಬೋಗುಣಿಯೊಂದರಲ್ಲಿ ಹಲ್ವ ತುಂಬಿ ಅತ್ತೆಯ ಕೈಗಿತ್ತರು. ಎಲ್ಲ ತೊಂದರೆ ಶುರುವಾದದ್ದು ಅಲ್ಲಿಂದ.

ಪಾತ್ರೆಯನ್ನು ಖಾಲಿ ಹಿಂದೆ ಕೊಡುವುದು ಅತ್ತೆಯ ಜನ್ಮದಲ್ಲಿಲ್ಲ. ಮರುದಿನವೇ ಅಕ್ಕಿ ನೆನೆಹಾಕಿ, ಕಾಯಿಹಾಲು ಬೆಲ್ಲ ಸೇರಿಸಿ ಹಾಲುಬಾಯಿ ಮಾಡಿದರು. ಮಾಡಿದರು ಎಂದರೆ, ಅವರು ಹೇಳಿದರು, ನಾನು ರಟ್ಟೆ ಬಿದ್ದುಹೋಗುವಷ್ಟು ಮಗುಚಿದೆ. ಅದಕ್ಕೆ ಏಲಕ್ಕಿ ಹಾಕಲು ಮರೆತಿದ್ದರು. ನನಗೆ ಗೊತ್ತಾಗಿತ್ತು, ಹೇಳಲಿಲ್ಲ. ಹೇಳಿದ್ದರೆ ಮೂರು ದಿನ ಮಾತು ಬಿಡುತ್ತಿದ್ದರು.

ಬೋಗುಣಿ ಕೊಟ್ಟು, ಆ ನೆಪದಲ್ಲಿ ಅಡುಗೆಮನೆಯೊಳಗೆ ನುಗ್ಗುವುದು ಅತ್ತೆಯ ಲೆಕ್ಕಾಚಾರ. ಆದರೆ ಅಜ್ಜಿ ಬೋಗುಣಿ ತಾವೇ ಒಯ್ದು, ಆ ಬಾಗಿಲನ್ನು ಒಂಚೂರೇ ತೆರೆದು ಒಳಗೆ ಕೊಟ್ಟು, ಮುಚ್ಚಿ ಬಂದರು. ಹೊರಡುವ ಹೊತ್ತಿಗೆ ಬೋಗುಣಿ ಪುನಃ ತುಂಬಿ ನಮ್ಮ ಕೈಗೆ ಬಂತು. ಕ್ಲಿನಿಕ್ಕಿನ ಬಹರೈನಿ ನರ್ಸ್ ಹತ್ತಿರ ಕೇಳಿದೆ. ಖಾಲಿ ತಟ್ಟೆ ಹಿಂದೆ ಕೊಟ್ಟರೆ ನನ್ನ ಅಮ್ಮ ನನ್ನನ್ನು ಮನೆಗೇ ಸೇರಿಸಲಿಕ್ಕಿಲ್ಲ ಎಂದಳು. ಆಗ ಗೊತ್ತಾಯಿತು ನನಗೆ, ಎರಡು ಕಡೆಯೂ ಒಂದೇ ಕಾನೂನು, ಇದಕ್ಕೆ ಕೊನೆ ಎಂಬುದಿಲ್ಲ. ಉತ್ಸವದ ಟ್ರಾಫಿಕ್ಕಿನಲ್ಲಿ ಸೇತುವೆ ದಾಟಿ ಬೋಗುಣಿ ಸಾಗಿಸುತ್ತಿದ್ದ ನನ್ನ ಗಂಡ, ಒಮ್ಮೆ ಕೈಜಾರಿ ಬಿತ್ತು ಎಂದುಬಿಡಲೇ ಎಂದು ನನ್ನ ಕಿವಿಯಲ್ಲಿ ಕೇಳಿದರು.

ಒಂದು ದಿನ ಬೋಗುಣಿಯಲ್ಲಿ ಹೊಂಬಣ್ಣದ ಉಂಡೆಗಳು ಬಂದವು. ಉತ್ಸವದ ಓಣಿಯಲ್ಲಿ ಖರ್ಜೂರದ ಪಾಕ ಸುರಿದು ಮಾರುವ ಸಿಹಿ ಉಂಡೆ ಇರಬೇಕೆಂದು ಅತ್ತೆ ಒಂದನ್ನು ಬಾಯಿಗೆ ಹಾಕಿದರು. ಹಾಕಿ ಹಾಗೇ ಕೂತರು. ಶುಂಠಿ, ಹಸಿಮೆಣಸು, ಕರಿಬೇವಿನ ಎಲೆ, ಕಾಯಿಚೂರು. ಗೋಳಿಬಜೆ. ಪಕ್ಕದಲ್ಲಿ ಚಿಕ್ಕ ಡಬ್ಬಿಯಲ್ಲಿ ಚಟ್ನಿ ಬೇರೆ.

ನನ್ನ ಗಂಡನಿಗೆ ಜ್ಞಾನೋದಯವಾಯಿತು. ಹಿಂದೆ ಕುಂದಾಪುರದ ಪಕ್ಕದ ಬಸ್ರೂರಿನಿಂದ ಹಡಗುಗಳು ಅಕ್ಕಿ ತುಂಬಿಕೊಂಡು ಈ ಕಡೆಗೇ ಬರುತ್ತಿದ್ದವಂತೆ, ಹೋಗುವಾಗ ಗೋಳಿಬಜೆ ಇಲ್ಲಿಂದಲೇ ನಮ್ಮ ಊರಿಗೆ ಹೋಗಿರಬೇಕು ಎಂದರು. ಇದನ್ನೇ ಉದ್ದಕ್ಕೆ ಬರೆದು, ಫೋಟೊ ಸಮೇತ ಫ್ಯಾಮಿಲಿ ಗ್ರೂಪಿಗೂ, ಆಫೀಸಿನವರ ಗ್ರೂಪಿಗೂ, ಶಾಲೆಯ ಹಳೆಯ ಗೆಳೆಯರ ಗ್ರೂಪಿಗೂ ಕಳಿಸಿದರು. ಎಲ್ಲರೂ ಕೈಮುಗಿದರು, ಹೆಬ್ಬೆರಳು ಎತ್ತಿದರು. ಚಿಕ್ಕಮ್ಮ ಮಾತ್ರ ಒಂದೇ ಸಾಲು ಬರೆದಿದ್ದರು: "ಅಡುಗೆಮನೆ ಕಂಡ್ಯಾ ಅಕ್ಕ?"

೫. ಬಾಗಿಲು

ಅತ್ತೆ ಹೊರಡುವ ಹಿಂದಿನ ದಿನ. ಉತ್ಸವವೂ ಅಂದೇ ಮುಗಿಯುವುದು. ಅತ್ತೆ ಬೆಳಿಗ್ಗೆಯಿಂದ ಸರಿಯಾಗಿ ಊಟ ಮಾಡಿರಲಿಲ್ಲ. ವಿಮಾನದ ಚಿಂತೆ ಅಂದುಕೊಂಡಿದ್ದೆ. ಚಿಕ್ಕಮ್ಮನ ಚಿಂತೆ ಅದು. ಕಡೆಯ ಸಲ ಬೋಗುಣಿ ಹಿಡಿದು ಮುಹರ್ರಕ್‌ಗೆ ಹೋದೆವು. ಅಂಗಳದಲ್ಲಿ ಕೂತು ಕಾವಾ ಕುಡಿಯುತ್ತ ಅತ್ತೆ ಆ ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಬಟ್ಟಲು ಕೆಳಗಿಟ್ಟು, ಅಜ್ಜಿಯ ಕೈ ಹಿಡಿದು, ಅಚ್ಚ ಕುಂದಾಪುರ ಕನ್ನಡದಲ್ಲಿ ಹೇಳಿದರು: "ನಾನ್ ನಾಳೆ ಊರಿಗ್ ಹೋತೆ. ನಂಗ್ ಒಂದ್ ಸಲ ನಿಮ್ ಅಡುಗೆಮನೆ ಕಾಣ್ಕ್."

ನಾನು ಮುಜುಗರದಿಂದಲೇ ಹಿಂದಿಯಲ್ಲಿ ಹೇಳಿದೆ. ಅಜ್ಜಿ ಬೆರಗಾದರು. ಅತಿಥಿಯನ್ನು ಯಾರಾದರೂ ಅಡುಗೆಮನೆಗೆ ಕರೆಯುತ್ತಾರೆಯೇ, ಅವಮಾನ ಅಲ್ಲವೇ ಎಂದರು. ಅಲ್ಲದೆ ಒಳಗಿರುವ ಅಡುಗೆಯವನು ಗಂಡಸು, ಪರಪುರುಷನ ಎದುರು ಗೌರವಸ್ಥ ಹೆಂಗಸನ್ನು ಹೇಗೆ ನಿಲ್ಲಿಸುವುದು ಎಂದು ತಾವು ಇಷ್ಟು ದಿನ ಬಾಗಿಲು ಮುಚ್ಚಿಸಿ ಇಟ್ಟದ್ದಂತೆ. ನಮ್ಮಲ್ಲಿ ಮದುವೆ ಅಡುಗೆಯೆಲ್ಲ ಗಂಡಸರದೇ ಎಂದೆ. ಅಜ್ಜಿ ನಕ್ಕು, ಎದ್ದು ಹೋಗಿ ಬಾಗಿಲು ನೂಕಿದರು.

ಅತ್ತೆ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಬಲಗಾಲಿಟ್ಟು ಒಳಗೆ ಹೋದರು.

ಒಳಗೆ ನೆಲದ ಮೇಲೆ ಹೆರೆಮಣೆಯ ಮೇಲೆ ಕೂತು ನರೆಗಡ್ಡದವರೊಬ್ಬರು ತೆಂಗಿನಕಾಯಿ ತುರಿಯುತ್ತಿದ್ದರು. ತಲೆಯೆತ್ತಿ ಅತ್ತೆಯ ಮುಖ, ಸೀರೆ, ಮೂಗುಬೊಟ್ಟು ನೋಡಿದರು. ಕೈಯಲ್ಲಿದ್ದ ಕಾಯಿಹೋಳು ಕೆಳಗಿಟ್ಟರು.

"ಹ್ವಾಯ್, ಹಾಲ್‌ಬಾಯಿ ಕಳ್ಸದ್ ನೀವಾ? ಏಲಕ್ಕಿ ಹಾಕುಕ್ ಮರ್ತ್ ಹೋಯ್ತಾ?"

ಅವರು ಹೆಮ್ಮಾಡಿಯವರು. ತ್ರಾಸಿಯಿಂದ ಬಸ್ಸಿನಲ್ಲಿ ಹತ್ತಿರವೇ. ಎಷ್ಟೋ ವರ್ಷದಿಂದ ಅದೇ ಮನೆಯಲ್ಲಿ ಅಡುಗೆ. ಮೊದಲ ದಿನ ಬೋಗುಣಿಯ ಮುಚ್ಚಳ ತೆಗೆದಾಗಲೇ ಊರಿನವರು ಯಾರೋ ಬಂದಿದ್ದಾರೆ ಎಂದು ಗೊತ್ತಾಗಿತ್ತಂತೆ. ಹೊರಗೆ ಬಂದು ಕೇಳುವ ಧೈರ್ಯವಾಗದೆ, ಗೋಳಿಬಜೆ ಮಾಡಿ ಕಳಿಸಿ ಉತ್ತರಕ್ಕೆ ಕಾದಿದ್ದರು. ಉತ್ತರವಾಗಿ ನಮ್ಮವರು ಬಸ್ರೂರಿನ ಇತಿಹಾಸ ಬರೆದರು. ಬಾಗಿಲ ಹೊರಗೆ ನಿಂತಿದ್ದ ನನ್ನ ಗಂಡ ಮೆಲ್ಲಗೆ ಫೋನು ತೆಗೆದು ಮೆಸೇಜು ಅಳಿಸಲು ನೋಡಿದರು. ಅದು ಆಗಲೇ ಊರೆಲ್ಲ ಸುತ್ತಿ ಬೇರೆ ಯಾರದೋ ಹೆಸರಿನಲ್ಲಿ ಅವರಿಗೇ ವಾಪಸು ಬಂದಿತ್ತು.

ಏಲಕ್ಕಿಯ ಮಾತಿಗೆ ಅತ್ತೆ ಸಿಟ್ಟಾಗುತ್ತಾರೆ ಎಂದುಕೊಂಡೆ. ಹೌದು ಮಾರಾಯಾ, ಮರೆತೇಹೋಯಿತು ಎಂದು ಅಲ್ಲೇ ನೆಲದ ಮೇಲೆ ಕೂತರು. ಅವರ ಭಾವನ ಮನೆ ಎಲ್ಲಿ, ಇವರ ನಾದಿನಿಯನ್ನು ಕೊಟ್ಟದ್ದು ಎಲ್ಲಿಗೆ ಎಂದು ಶುರುವಾದ ಮಾತು ನಿಲ್ಲಲೇ ಇಲ್ಲ. ಮಾತಾಡುತ್ತ ಅಡುಗೆಯವರು ಎರಡು ಸಲ ತೋಳಿನಿಂದ ಕಣ್ಣು ಒರೆಸಿಕೊಂಡರು. ಬಾಗಿಲಲ್ಲಿ ನಿಂತ ಅಜ್ಜಿ ಮೊದಲಿನಿಂದ ಪರಿಚಯವೇ ಎಂದು ನನ್ನ ಹತ್ತಿರ ಕೇಳಿದರು. ಇಲ್ಲ ಎಂದೆ. ಈ ಮನುಷ್ಯ ನನ್ನ ಮನೆಯಲ್ಲಿ ಇಷ್ಟು ವರ್ಷದಲ್ಲಿ ಇಷ್ಟು ಮಾತಾಡಿದ್ದಿಲ್ಲ ಎಂದು ಅಜ್ಜಿ ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತರು.

ಹೊರಡುವಾಗ ಬೋಗುಣಿ ಖರ್ಜೂರದಿಂದ ತುಂಬಿತ್ತು, ಹೆಮ್ಮಾಡಿಯಲ್ಲಿರುವ ಅವರ ಅಕ್ಕನಿಗೆ ತಲುಪಿಸಲು. ಅದು ಇನ್ನು ಅಲ್ಲಿಂದ ಖಾಲಿ ಬರುವುದಿಲ್ಲ, ಗೊತ್ತು.

ಮನೆಗೆ ಬಂದು ಅತ್ತೆ ಎರಡು ಸಲ ಬಡಿಸಿಕೊಂಡು ಊಟ ಮಾಡಿದರು. ಕೈತೊಳೆದವರೇ ಚಿಕ್ಕಮ್ಮನಿಗೆ ಫೋನು. ಪಾತ್ರೆ ತೊಳೆಯುತ್ತ ನಾನು ಕಿವಿಗೊಟ್ಟೆ. ಅಡುಗೆಯವರು ಎಲ್ಲಿಯವರು ಎಂಬ ಸುದ್ದಿ ಈಗ ಬರುತ್ತದೆ, ಆಮೇಲೆ ಬರುತ್ತದೆ ಎಂದು ಕಾದೆ. ಬರಲೇ ಇಲ್ಲ.

"ಕಂಡೆ ಮಾರಾಯ್ತಿ, ಒಳಗೇ ಹೋಯಿ ಕೂತ್ಕಂಡ್ ಬಂದೆ. ಎಂತ ಹೇಳುದ್, ಕಾಯಿ ಹೆರುಕೆ ಹೆರೆಮಣೆ ಸೈತ ಇತ್ತ್. ಥೇಟ್ ನಮ್ಮನಿ ಹಾಂಗೆ. ಹೌದಾ, ಮಸ್ಕತ್ತಗೆ ನಿಂಗ್ ಯಾರೂ ತೋರ್ಸ್ಲಿಲ್ಯಾ?"