ಬರಂಡಾರಿ ಕಾಡಿನ ಬೈರಾಸು ನಿಯಮ

ಬರಂಡಾರಿ ಸಾರ್ವಜನಿಕ ಅರಣ್ಯದಲ್ಲಿ ಟರ್ಕಿ ಕೋಳಿಗಳಿವೆ ಎಂಬುದು ಅರಣ್ಯ ಪ್ರಾಧಿಕಾರದ ಕಡತಗಳಿಂದ ಸಾಬೀತಾದ ಸಂಗತಿ. ಹಿಂದೆ ಯಾರೋ ರೈತ ಸಾಕಲೆಂದು ತಂದು, ಬೇಸತ್ತು, ಬೇಲಿಯ ಬಾಗಿಲು ತೆರೆದಿಟ್ಟು ಊರು ಬಿಟ್ಟನಂತೆ. ಅವುಗಳ ಸಂತತಿ ಕಾಡಿನ ತುಂಬ ಹಬ್ಬಿದೆ. ಅವನ್ನು ಬೇಟೆಯಾಡಿ ಕಾಡನ್ನು ಕಾಪಾಡುವುದು ನಾಗರಿಕರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಪ್ರಾಧಿಕಾರ ಸಾರಿದ ಮೇಲೆ, ಸಿಡ್ನಿಯಿಂದ ಮೂರು ತಾಸು ದೂರದ ಆ ಕಾಡಿಗೆ ವಾರಾಂತ್ಯದಲ್ಲಿ ಬರುವ ನಾಗರಿಕರ ಸಂಖ್ಯೆ ಕೋಳಿಗಳ ಸಂಖ್ಯೆಯನ್ನು ಸಲೀಸಾಗಿ ದಾಟಿತು. ಇದನ್ನು ಪ್ರಾಧಿಕಾರ ಯೋಜನೆಯ ಯಶಸ್ಸು ಎಂದು ದಾಖಲಿಸಿಕೊಂಡಿತು.

ಸಿಡ್ನಿಯ ಟೂಂಗಾಬಿ ಬಡಾವಣೆಯ ಮೋಹನದಾಸರು ಈ ನಾಗರಿಕರಲ್ಲಿ ಒಬ್ಬರು. ಉಡುಪಿ ಕಡೆಯವರು, ಲಿಫ್ಟ್ ಕಂಪನಿಯೊಂದರಲ್ಲಿ ಸುರಕ್ಷತಾ ಇಂಜಿನಿಯರ್. ಅವರಿಗೆ ಟರ್ಕಿ ಕೋಳಿಯ ಮೇಲೆ ದ್ವೇಷವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಕುರ್ಚಿ.

ಕುರ್ಚಿ ಅವರದೇ. ಅವರ ಮನೆಯ ಊಟದ ಮೇಜಿನ ತಲೆಯ ಕಡೆಗಿರುವುದು, ಎಲ್ಲ ಕುರ್ಚಿಗಳ ಪೈಕಿ ಕೈ ಇರುವುದು ಅದೊಂದಕ್ಕೇ. ಅಂಗಡಿಯಿಂದ ಬಿಡಿಬಿಡಿಯಾಗಿ ಬಂದದ್ದನ್ನು ಒಂದು ಭಾನುವಾರವಿಡೀ ಕೂತು ಸ್ಕ್ರೂ ತಿರುಗಿಸಿ ಜೋಡಿಸಿದವರೂ ಅವರೇ. ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಹೆಂಡತಿಯ ತಮ್ಮ ಸುಕೇಶ ಮೆಲ್ಬೋರ್ನಿನ ವಿಂಡಮ್ ವೇಲ್‌ನಿಂದ ಐಸ್ ಪೆಟ್ಟಿಗೆಯಲ್ಲಿ ಜಿಂಕೆಯ ತೊಡೆ ಇಟ್ಟುಕೊಂಡು ಬಂದ. ವಿಕ್ಟೋರಿಯದ ಕಾಡಿನಲ್ಲಿ ತಾನೇ ಹೊಡೆದದ್ದು ಎಂದ. ಬಂದಿದ್ದ ನೆಂಟರೆಲ್ಲ ತೊಡೆಯನ್ನು ಸುತ್ತುವರಿದು ಫೋಟೋ ತೆಗೆದರು. ಆ ಸಂಭ್ರಮದಲ್ಲಿ ಯಾರೋ "ಬೇಟೆಗಾರ ಇಲ್ಲಿ ಕೂತ್ಕೊಳ್ಳಲಿ" ಎಂದು ಅವನನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿದರು. ಅಂದಿನಿಂದ ಸುಕೇಶ ಯಾವಾಗ ಬಂದರೂ ಚಪ್ಪಲಿ ಕಳಚಿ ನೆಟ್ಟಗೆ ಅದರಲ್ಲೇ ಹೋಗಿ ಕೂರುತ್ತಿದ್ದ. ಮೋಹನದಾಸರು ಲಾಂಡ್ರಿ ಬಾಗಿಲಿನ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಉಣ್ಣುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಆದರೆ ಕುರ್ಚಿಗಾಗಿ ಭಾವಮೈದುನನ ಜೊತೆ ಜಗಳವಾಡಿದರು ಎಂಬ ಹೆಸರು ಬೇಕಿರಲಿಲ್ಲ. ಹೆಂಡತಿ ಸ್ವರ್ಣಲತಾ ಅವರ ಕುರ್ಚಿಯ ಪ್ರಶ್ನೆ ಆ ಮನೆಯಲ್ಲಿ ಎದ್ದಿರಲಿಲ್ಲ. ಅವರು ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ನರ್ಸ್, ನಿಂತು ಅಭ್ಯಾಸವಿತ್ತು. ಬಡಿಸುವವರು ನಿಂತೇ ಇರುವುದು ರೂಢಿ.

ಹೀಗಿರುವಾಗ ಮೋಹನದಾಸರು ಒಂದು ಸಂಜೆ ಸುಕೇಶನಿಗೆ ಫೋನ್ ಮಾಡಿದರು. ಆ ಮನೆಯ ಮಾತು ತುಳು. ಓದುಗರ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ವರದಿ ಮಾಡಲಾಗಿದೆ.

"ಈ ಸಲ ಕ್ರಿಸ್‌ಮಸ್ ರಜೆಗೆ ಬಾ ಮಾರಾಯ. ಟರ್ಕಿ ಕೋಳಿಯ ಕೋರಿ ರೊಟ್ಟಿ. ಕಾಡಿನದ್ದು. ನಾನೇ ಹೊಡೆಯುವುದು."

"ನೀವಾ ಭಾವ?" ಎಂದ ಸುಕೇಶ. ಅವನು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು.

ಬಂದೂಕಿನ ಲೈಸೆನ್ಸ್, ತರಬೇತಿ, ಕಿತ್ತಳೆ ಬಣ್ಣದ ಜಾಕೆಟ್ ಎಲ್ಲ ಕ್ರಮಪ್ರಕಾರ ಆಯಿತು. ಟರ್ಕಿಯಂತೆ ಕೂಗುವ ಒಂದು ಮರದ ಡಬ್ಬಿಯನ್ನೂ ಮೋಹನದಾಸರು ಕೊಂಡರು. ಮುಚ್ಚಳ ಉಜ್ಜಿದರೆ ಅದು ಹೆಣ್ಣು ಟರ್ಕಿಯಂತೆ ಕೊರಗುತ್ತದೆ, ಅಲ್ಲಾಡಿಸಿದರೆ ಗಂಡಿನಂತೆ ಗುಳುಗುಳು ಎನ್ನುತ್ತದೆ. ಸೆಪ್ಟೆಂಬರಿನ ಒಂದು ಶನಿವಾರ ಬೆಳಗಿನ ಜಾವ ಅವರು ಬರಂಡಾರಿ ತಲುಪಿದಾಗ ಪಾರ್ಕಿಂಗ್ ತುಂಬಿತ್ತು. ಕಾಡಿನಲ್ಲಿ ಮರಗಳ ನಡುವೆ ಕಿತ್ತಳೆ ಜಾಕೆಟ್ಟುಗಳಿದ್ದವು ಎನ್ನುವುದಕ್ಕಿಂತ, ಜಾಕೆಟ್ಟುಗಳ ನಡುವೆ ಅಲ್ಲಲ್ಲಿ ಮರಗಳೂ ಇದ್ದವು ಎಂದರೆ ಸರಿಯಾದೀತು. ಪ್ರತಿ ಒಳ್ಳೆಯ ಬುಡದಲ್ಲೂ ಒಬ್ಬ ನಾಗರಿಕ ಕೂತಿದ್ದ. ಎಲ್ಲರೂ ಪರಸ್ಪರ "ಗುಡ್ ಮಾರ್ನಿಂಗ್" ಹೇಳಿ, ಕೋಳಿ ಹೆದರೀತೆಂದು ಮತ್ತೆ ಎಲ್ಲರೂ ಪರಸ್ಪರ "ಶ್" ಎಂದರು.

ಕೊನೆಗೆ ಮೋಹನದಾಸರು ಒಂದು ಗುಡ್ಡದ ಮರೆಯಲ್ಲಿ ಜಾಗ ಹುಡುಕಿ ಡಬ್ಬಿ ಉಜ್ಜಿದರು. ಗುಡ್ಡದ ಆಚೆಯಿಂದ ಗುಳುಗುಳು ಎಂಬ ಉತ್ತರ ಬಂತು. ಮತ್ತೆ ಉಜ್ಜಿದರು, ಮತ್ತೆ ಉತ್ತರ ಬಂತು, ಈ ಬಾರಿ ಇನ್ನೂ ಪ್ರೀತಿಯಿಂದ. ಬಂದೂಕನ್ನು ಬೆನ್ನಿಗೆ ಹಾಕಿಕೊಂಡು ಹೊಟ್ಟೆಯ ಮೇಲೆ ತೆವಳಿದರು. ಮಧ್ಯೆ ಮಧ್ಯೆ ನಿಂತು ಉಜ್ಜಿದರು, ಆ ಕಡೆಯ ದನಿಯೂ ಹತ್ತಿರವಾಗುತ್ತ ಬಂತು. ಗುಡ್ಡದ ನೆತ್ತಿಯಲ್ಲಿ ಪೊದೆ ಸರಿಸಿ ನೋಡಿದರೆ, ಎದುರಿಗೆ ಹೊಟ್ಟೆಯ ಮೇಲೆ ಮಲಗಿದ್ದ ಕಿತ್ತಳೆ ಜಾಕೆಟಿನ ಯುವಕನೊಬ್ಬ ಕೈಯಲ್ಲಿ ಅಂಥದೇ ಡಬ್ಬಿ ಹಿಡಿದು ಅವರನ್ನೇ ನೋಡುತ್ತಿದ್ದ.

"ಛೆ, ನೀವಾ ಸಾರ್?" ಎಂದ ಅವನು, ಮೋಹನದಾಸರ "ಅಯ್ಯೋ ದೇವರೇ" ಕೇಳಿ ಕನ್ನಡದಲ್ಲೇ. "ಎಷ್ಟ್ ಚೆನ್ನಾಗ್ ರೆಸ್ಪಾನ್ಸ್ ಮಾಡ್ತಾ ಇದ್ರಿ! ಫೈನಲ್ಲಿ ಒಂದು ಸಿಕ್ತು ಅನ್ಕೊಂಡಿದ್ದೆ."

ಹೀಗೆ ಅಭಿನಂದನ್ ಪರಿಚಯವಾದ. ಬೆಂಗಳೂರಿನ ಐಟಿ ಹುಡುಗ, ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ರೆಂಟ್‌ಗೆ ಇದ್ದಾನೆ. ಇಬ್ಬರೂ ತಮ್ಮ ನಿರಾಶೆಯನ್ನು ತೋರಿಸಿಕೊಳ್ಳದೆ, ಒಬ್ಬರ ಕೂಗನ್ನು ಇನ್ನೊಬ್ಬರು ಹೊಗಳಿ ಬೀಳ್ಕೊಂಡರು.

ಮುಂದಿನ ವಾರವೂ ಹಾಗೇ ಆಯಿತು, ಅದರ ಮುಂದಿನ ವಾರವೂ. ಕ್ರಿಸ್‌ಮಸ್ ಹತ್ತಿರವಾಗುತ್ತಿತ್ತು. ಸುಕೇಶ "ಎಂತ ಭಾವ, ಕೋಳಿ ಸಿಕ್ತಾ?" ಎಂದು ಪ್ರತಿ ಭಾನುವಾರ ಮೆಸೇಜ್ ಮಾಡುತ್ತಿದ್ದ. ಆಗ ಮೋಹನದಾಸರಿಗೆ ತಮ್ಮ ಕಾಲೇಜು ದಿನಗಳ ಉಡುಪಿ ಬಸ್ ಸ್ಟ್ಯಾಂಡ್ ನೆನಪಾಯಿತು. ಸಂಜೆಯ ಬಸ್ಸು ಒಳಗೆ ಬರುವಾಗಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ಅಲ್ಲಿಯ ಪದ್ಧತಿ. ನೂಕಾಡುವ ಜನ ಟವೆಲಿಗೆ ತೋರಿಸುವ ಮರ್ಯಾದೆಯನ್ನು ಮನುಷ್ಯರಿಗೆ ತೋರಿಸುತ್ತಿರಲಿಲ್ಲ. ಒಂದು ಭಾನುವಾರ ಕಾಡಿನಿಂದ ಮನೆಗೆ ಹೊರಡುವ ಮುನ್ನ ಮೋಹನದಾಸರು ನೀರಿನ ತೊರೆಯ ಪಕ್ಕದ ಅತ್ಯುತ್ತಮ ಮರದ ಬುಡದಲ್ಲಿ ತಮ್ಮ ಕೆಂಪು ಗೀಟಿನ ಟವೆಲನ್ನು, ಅವರ ಮಾತಿನಲ್ಲಿ ಬೈರಾಸನ್ನು, ಹಾಸಿ ಬಂದರು.

ಮುಂದಿನ ಶನಿವಾರ ಹೋಗಿ ನೋಡಿದರೆ ಕಾಡೆಲ್ಲ ಕಿಕ್ಕಿರಿದಿತ್ತು, ಬೈರಾಸಿನ ಸುತ್ತ ಮಾತ್ರ ಒಬ್ಬನೂ ಇರಲಿಲ್ಲ. ಅದು ಪ್ರಾಧಿಕಾರದ ಯಾವುದೋ ಗುರುತು ಎಂದು ತಿಳಿದು ಜನ ದೂರ ಸರಿದಿದ್ದರು. ಕೆಲವರು ಅದರ ಪಕ್ಕದಲ್ಲಿ ಹಾದುಹೋಗುವಾಗ ಟೋಪಿ ತೆಗೆದರಂತೆ.

ರೇಂಜರ್ ಬಂದು ವಿಚಾರಿಸಿದ. ದೊಡ್ಡ ಗಡ್ಡದ, ಒಳ್ಳೆಯ ಮನಸ್ಸಿನ ಮನುಷ್ಯ, ಜನರ ಜಗಳ ಬಿಡಿಸಿ ಬಿಡಿಸಿ ಸುಸ್ತಾಗಿದ್ದ. ಮೋಹನದಾಸರು ತಡವರಿಸುವುದನ್ನು ಕಂಡು ಅಭಿನಂದನ್ ಮುಂದೆ ಬಂದು, ಆಫೀಸಿನಲ್ಲಿ ಕ್ಲೈಂಟ್‌ಗೆ ವಿವರಿಸುವ ಧಾಟಿಯಲ್ಲಿ, ಇದು ದಕ್ಷಿಣ ಭಾರತದಲ್ಲಿ ಹಲವು ತಲೆಮಾರುಗಳಿಂದ ಪರೀಕ್ಷೆಗೊಳಗಾದ ವ್ಯವಸ್ಥೆ, ಕರೆಂಟು ಬೇಡ, ಆ್ಯಪ್ ಬೇಡ, ಸರ್ವರ್ ಡೌನ್ ಆಗುವ ಭಯವಿಲ್ಲ ಎಂದು ತಿಳಿಸಿದ. ರೇಂಜರನ ಕಣ್ಣು ಒದ್ದೆಯಾಯಿತು. ಪ್ರಾಧಿಕಾರದ ಬುಕಿಂಗ್ ಆ್ಯಪ್ ಆಗ ಡೌನ್ ಆಗಿತ್ತು.

ಕೂಡಲೇ ಟವೆಲ್ ಸಲಹಾ ಸಮಿತಿ ರಚನೆಯಾಗಿ ಮೋಹನದಾಸರು ಅದರ ಗೌರವ ಸದಸ್ಯರಾದರು. ನಿಯಮಗಳನ್ನು ಬರೆಯುವಾಗ ಅವರು ಒಂದೇ ವಿಷಯಕ್ಕೆ ಪಟ್ಟು ಹಿಡಿದರು. ಹಿಂದೊಮ್ಮೆ ಉಡುಪಿಯ ಬಸ್ಸಿನಲ್ಲಿ ಅವರ ಬೈರಾಸಿನ ಮೇಲೆ ಭಾರಿ ಗಾತ್ರದವರೊಬ್ಬರು ಕೂತುಬಿಟ್ಟಿದ್ದರು. ಎಬ್ಬಿಸಲು ಹೋಗಿ, ಎಳೆದಾಟದಲ್ಲಿ ಬೈರಾಸೇ ಹರಿದಿತ್ತು. ಕೂತವರನ್ನು ಎಳೆದಾಡಿ ಬೈರಾಸು ಹರಿಯುವುದು ಮರುಕಳಿಸಬಾರದು ಎಂಬುದು ಅವರ ಕಳಕಳಿ. ಅದರಂತೆ ಈ ಪ್ರಕಟಣೆ ಹೊರಬಿತ್ತು:

"ಬರಂಡಾರಿ ಸಾರ್ವಜನಿಕ ಅರಣ್ಯಕ್ಕೆ ಬರುವ ಎಲ್ಲ ಮಾನ್ಯ ಬೇಟೆಗಾರರ ಗಮನಕ್ಕೆ ತರುವುದೇನೆಂದರೆ, ಇನ್ನು ಮುಂದೆ ಸ್ಥಳ ಕಾಯ್ದಿರಿಸಲು ಟವೆಲನ್ನೇ ಬಳಸತಕ್ಕದ್ದು. ಟವೆಲ್ ಹಾಸಿದ ಜಾಗಕ್ಕೆ ಬೇರೆಯವರು ಹಕ್ಕು ಸಾಧಿಸತಕ್ಕದ್ದಲ್ಲ. ಟವೆಲಿನ ಮೇಲೆ ಆಸೀನರಾದವರನ್ನು, ಸದರಿ ಟವೆಲ್ ಯಾರದೇ ಇರಲಿ, ಎಬ್ಬಿಸತಕ್ಕದ್ದಲ್ಲ, ಹೆದರಿಸತಕ್ಕದ್ದಲ್ಲ, ಅವರತ್ತ ಬಂದೂಕು ತಿರುಗಿಸತಕ್ಕದ್ದಲ್ಲ. ಆಸೀನರಾದವರಿಗೆ ಸುತ್ತಲಿನವರು ಅಗತ್ಯ ಸಹಕಾರ ನೀಡತಕ್ಕದ್ದು. ಕರವಸ್ತ್ರ, ಕಾಲೊರಸು ಹಾಗೂ ಒಳಉಡುಪುಗಳನ್ನು ಟವೆಲ್ ಎಂದು ಪರಿಗಣಿಸಲಾಗುವುದಿಲ್ಲ."

ಮೋಹನದಾಸರು ಪ್ರಕಟಣೆಯ ಒಂದು ಪ್ರತಿಯನ್ನು ಹೆಮ್ಮೆಯಿಂದ ಮನೆಗೆ ತಂದರು. ಮಗಳು ಅಶ್ವಿತಾ ಓದಿ "ಡ್ಯಾಡ್, ಇಟ್ಸ್ ಜಸ್ಟ್ ಎ ಟವೆಲ್" ಎಂದಳು. ಸ್ವರ್ಣಲತಾ ಅವರು ಎರಡು ಸಲ ಓದಿ, ಫ್ರಿಜ್ ಬಾಗಿಲಿಗೆ ಅಂಟಿಸಿದರು.

ವ್ಯವಸ್ಥೆ ನಿರೀಕ್ಷೆ ಮೀರಿ ಯಶಸ್ವಿಯಾಯಿತು. ಕಾಡಿನ ನೆಲ ಕಾಣದಷ್ಟು ಟವೆಲುಗಳು ಹರಡಿಕೊಂಡವು. ಟೂಂಗಾಬಿಯ ಅಂಗಡಿಗಳಲ್ಲಿ ಅಕ್ಕಿ ಮೂಟೆಗಳನ್ನು ಹಿಂದಕ್ಕೆ ಸರಿಸಿ ಬೈರಾಸುಗಳನ್ನು ಮುಂದಿಟ್ಟರು. ಮಳೆ ಬಂದರೆ ಟವೆಲ್ ಒಣಗಿಸಲು ರಜೆ ಹಾಕುವವರೂ ಹುಟ್ಟಿಕೊಂಡರು. ಟವೆಲ್ ಕಾಯಲು ಬಂದವರು ಬಂದೂಕು ಯಾಕೆ ಭಾರ ಎಂದು ಮನೆಯಲ್ಲೇ ಬಿಟ್ಟು ಬರತೊಡಗಿದ್ದರಿಂದ ಗುಂಡಿನ ಸದ್ದು ನಿಂತಿತು, ಅಪಘಾತದ ಭೀತಿ ತಗ್ಗಿತು. ಬೇಟೆಯ ಗುಣಮಟ್ಟ ಗಣನೀಯವಾಗಿ ಸುಧಾರಿಸಿದೆ ಎಂದು ಪ್ರಾಧಿಕಾರ ವರದಿ ಬರೆಯಿತು. ವರದಿ ಓದಿದ ವಿಕ್ಟೋರಿಯದ ಕಾಡೊಂದರವರೂ ಅದನ್ನೇ ಅಳವಡಿಸಿಕೊಂಡರು.

"ಭಾವ, ಇಲ್ಲಿ ಸಹ ಟವೆಲ್ ಬಂದಿದೆ," ಎಂದು ಸುಕೇಶ ಫೋನಿನಲ್ಲಿ ಹೇಳಿದ. ಅವನ ದನಿ ಇಳಿದಿತ್ತು. "ಒಬ್ಬ ಅಜ್ಜ ನನ್ನ ಟವೆಲ್ ಮೇಲೆ ಕೂತು ಮೂರು ವಾರ ಆಯ್ತು. ನಾನು ಅವನಿಗೆ ಚಾ ಮಾಡಿ ಕೊಡ್ತಾ ಇದ್ದೇನೆ. ಈ ವರ್ಷ ಜಿಂಕೆ ಇಲ್ಲ."

ಮೋಹನದಾಸರಿಗೆ ತುಂಬ ಖುಷಿಯಾಯಿತು. ಇನ್ನು ಒಂದೇ ಒಂದು ಕೋಳಿ ಸಿಕ್ಕರೆ ಕುರ್ಚಿ ತಮ್ಮದು.

ಕ್ರಿಸ್‌ಮಸ್ಸಿಗೆ ಮುಂಚಿನ ಕೊನೆಯ ಶನಿವಾರ ಅವರು ಬಂದೂಕು ಹಿಡಿದು ತಮ್ಮ ಮರದ ಕಡೆಗೆ ನಡೆದರು. ದೂರದಿಂದಲೇ ಕಂಡಿತು. ಕೆಂಪು ಗೀಟಿನ ಬೈರಾಸಿನ ನಟ್ಟನಡುವೆ, ಕಾಲು ಮಡಚಿ, ರೆಕ್ಕೆ ಸಡಿಲಿಸಿ, ಕೊಬ್ಬಿದ ಒಂದು ಟರ್ಕಿ ಕೋಳಿ ಕೂತಿತ್ತು. ಇಷ್ಟು ತಿಂಗಳಲ್ಲಿ ಅವರು ಕಂಡ ಮೊದಲ ಟರ್ಕಿ. ಬಂದೂಕು ಎತ್ತಿದರು.

"ಮೋಹನ್," ಎಂಬ ದನಿ ಹಿಂದಿನಿಂದ ಬಂತು. ರೇಂಜರ್. "ಅವರು ಟವೆಲಿನ ಮೇಲೆ ಕೂತಿದ್ದಾರೆ."

"ಅದು ಕೋಳಿ," ಎಂದರು ಮೋಹನದಾಸರು.

"ಆಸೀನರಾದವರು ಎಂದಷ್ಟೇ ನಿಯಮದಲ್ಲಿದೆ. ನೀವೇ ಬರೆಸಿದ್ದು."

"ಟವೆಲ್ ನನ್ನದು!"

"ಯಾರದೇ ಇರಲಿ ಎಂದೂ ಇದೆ," ಎಂದ ರೇಂಜರ್ ಬೇಸರದಿಂದ. ಅವನಿಗೆ ನಿಜಕ್ಕೂ ಬೇಸರವಾಗಿತ್ತು.

ಸುತ್ತಲಿನ ಟವೆಲುಗಳಿಂದ ಜನ ಎದ್ದು ಬಂದರು. ಒಬ್ಬರೂ ನಗಲಿಲ್ಲ. ಮೋಹನದಾಸರು ಬಂದೂಕು ಕೆಳಗಿಳಿಸಿದರು. ಆಸೀನರತ್ತ ಬಂದೂಕು ತಿರುಗಿಸಿದ್ದಕ್ಕಾಗಿ ಅವರು ಕ್ಷಮೆ ಕೋರಬೇಕೆಂದು ತೀರ್ಮಾನವಾಯಿತು, ಕೋರಿದರು. ಅಗತ್ಯ ಸಹಕಾರದ ಅಂಗವಾಗಿ ತಮ್ಮ ಬುತ್ತಿಯ ಅವಲಕ್ಕಿಯನ್ನೂ ಬಾಟಲಿಯ ಮುಚ್ಚಳದಲ್ಲಿ ನೀರನ್ನೂ ಮುಂದಿಟ್ಟರು. ಕೋಳಿ ಅವಲಕ್ಕಿ ತಿಂದು, ಕಡಲೆಬೀಜ ಬಿಟ್ಟು, ಕಣ್ಣು ಮುಚ್ಚಿತು.

"ಹಾರ್ಡ್ ಲಕ್ ಸಾರ್," ಎಂದ ಅಭಿನಂದನ್. "ಆದ್ರೆ ರೂಲ್ ಕ್ಲಿಯರ್ ಆಗಿದೆ."

ವಾಪಸ್ ಬರುವ ದಾರಿಯುದ್ದಕ್ಕೂ ಮೋಹನದಾಸರಿಗೆ ಅಳು ಬರುವಂತಿತ್ತು. ಆದರೆ ಟೂಂಗಾಬಿ ಹತ್ತಿರವಾಗುತ್ತಿದ್ದಂತೆ ಅವರ ಮುಖ ಅರಳಿತು. ನಿಯಮ ಕಾಡಿಗೆ ಅನ್ವಯಿಸುವುದಾದರೆ ಮನೆಗೂ ಅನ್ವಯಿಸಬೇಕು. ಕೋಳಿ ಇಲ್ಲದಿದ್ದರೇನು, ಬೈರಾಸು ಉಂಟಲ್ಲ.

ರಜೆಯ ದಿನ ಸುಕೇಶ ಬಂದ. ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದ ಅಭಿನಂದನನನ್ನೂ ಕರೆದಿದ್ದರು. ಊಟಕ್ಕೆ ಅಂಗಡಿಯ ಕೋಳಿಯ ಕೋರಿ ರೊಟ್ಟಿ ಸಿದ್ಧವಾಗಿತ್ತು. ಮೋಹನದಾಸರು ಹೊಸ ಬೈರಾಸನ್ನು ಕಂಕುಳಲ್ಲಿಟ್ಟುಕೊಂಡು, ಸುಕೇಶ ಚಪ್ಪಲಿ ಕಳಚುವ ಮೊದಲೇ ಮೇಜಿನತ್ತ ಧಾವಿಸಿದರು.

ಕೈಯಿರುವ ಕುರ್ಚಿಯ ಮೇಲೆ ಆಗಲೇ ಒಂದು ಟವೆಲ್ ಇತ್ತು. ತಿಳಿನೀಲಿ ಬಣ್ಣದ್ದು, ಇಸ್ತ್ರಿ ಮಾಡಿದ್ದು. ಅದರ ಮೇಲೆ ಸ್ವರ್ಣಲತಾ ಅವರು ಕೂತಿದ್ದರು.

ಸುಕೇಶ ಬಂದು ನಿಂತ. ಬಾಯಿ ತೆರೆದ, ಟವೆಲ್ ನೋಡಿ ಮುಚ್ಚಿದ. ವಿಕ್ಟೋರಿಯದ ಅಜ್ಜ ಅವನಿಗೆ ಪಾಠ ಕಲಿಸಿದ್ದ. ಮೋಹನದಾಸರು ಫ್ರಿಜ್ ಬಾಗಿಲಿನ ಕಡೆ ಹೋಗಿ ಪ್ರಕಟಣೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಅವರು ಬರೆಸಿದ್ದು ತಪ್ಪಿಲ್ಲದೆ ಹಾಗೇ ಇತ್ತು.

"ಎಂತ ನಿಂತದ್ದು?" ಎಂದರು ಸ್ವರ್ಣಲತಾ. "ರೊಟ್ಟಿ ಅಲ್ಲಿ ಡಬ್ಬದಲ್ಲುಂಟು. ಸಾರು ಒಲೆಯ ಮೇಲೆ. ಸಹಕಾರ ಕೊಡಿ."

ಸುಕೇಶ ರೊಟ್ಟಿ ತಂದ. ಮೋಹನದಾಸರು ಸೌಟು ಹಿಡಿದರು. ಸ್ವರ್ಣಲತಾ ಅವರು ಕುರ್ಚಿಯ ಎರಡೂ ಕೈಗಳ ಮೇಲೆ ಮೊಣಕೈ ಊರಿ, ರೊಟ್ಟಿ ಮುರಿದು, ಸಾರು ಬಿಸಿ ಇರುವಾಗಲೇ ಉಂಡರು. ಕಾಲಿನ ತುಂಡು ಕೇಳಿದರು, ಬಡಿಸಲಾಯಿತು. ಇನ್ನೊಂದು ಕೇಳಿದರು, ಅದನ್ನೂ ಬಡಿಸಲಾಯಿತು. ಅಶ್ವಿತಾ ತನ್ನ ತಟ್ಟೆ ತಂದು ಅಮ್ಮನ ಬಲಗಡೆ ಕೂತಳು, ಸ್ನಾನದ ಟವೆಲ್ ಹಾಸಿಕೊಂಡು. ಊಟವಾದ ಮೇಲೂ ಸ್ವರ್ಣಲತಾ ಅವರು ಏಳಲಿಲ್ಲ. ಏಳುವ ಬಗ್ಗೆ ನಿಯಮದಲ್ಲಿ ಏನೂ ಇಲ್ಲ.

ಬಡಿಸಿದವರಿಗೆ ಕೊನೆಗೆ ಪಾತ್ರೆಯಲ್ಲಿ ಉಳಿಯುವುದು ಕುತ್ತಿಗೆಯ ತುಂಡು ಎಂಬುದು ಮೋಹನದಾಸರಿಗೆ ಅಂದು ತಿಳಿಯಿತು. ಅದನ್ನು ಅವರೂ ಸುಕೇಶನೂ ಅಡುಗೆಮನೆಯಲ್ಲಿ ನಿಂತುಕೊಂಡೇ ಹಂಚಿಕೊಂಡರು. ಲಾಂಡ್ರಿ ಬಾಗಿಲಿನ ಪಕ್ಕದ ಸ್ಟೂಲಿನ ಮೇಲೆ ಅಭಿನಂದನ್ ಆಗಲೇ ಟವೆಲ್ ಹಾಕಿ ಕೂತಿದ್ದ.