ಶ್ರೀ ಅಜ್ಞಾತರು ನಮ್ಮಜ್ಜಿಯ ಕೋಳಿ ಹೊಡೆದದ್ದು

ಮಾನ್ಯ ಶ್ರೀ ಅಜ್ಞಾತರೇ,

ತಮ್ಮ ಪಾದಗಳು ಯಾವ ದಿಕ್ಕಿಗಿವೆಯೋ ಯಾರಿಗೂ ತಿಳಿಯದ ಕಾರಣ, ನಾಲ್ಕೂ ದಿಕ್ಕಿಗೆ ತಿರುಗಿ, ಚಿತ್ರಗಳಿಗೆ ಚೌಕಟ್ಟು ಹಾಕುವ ಬಡಪಾಯಿಯ ನಮಸ್ಕಾರಗಳು.

ಕಳೆದ ಸೋಮವಾರ ಕಲಾ ಇತಿಹಾಸದ ಸಂಶೋಧನಾ ಗ್ರಂಥಾಲಯಕ್ಕೆ ಹೋಗಿ, ಚೀಲವನ್ನು ಕಪಾಟಿಗೂ ಪೆನ್ನನ್ನು ಕಾವಲುಗಾರನಿಗೂ ಒಪ್ಪಿಸಿ, ಪುಸ್ತಕಕ್ಕೆ ಮೆತ್ತನೆಯ ದಿಂಬನ್ನೂ ನನಗೆ ಗಟ್ಟಿ ಮರದ ಕುರ್ಚಿಯನ್ನೂ ದಯಪಾಲಿಸಿದ ಓದುಕೋಣೆಯಲ್ಲಿ ಕೂತು, ಮೂವತ್ತು ವರ್ಷದ ಹಿಂದೆ ನಮ್ಮಜ್ಜಿ ಬರೆದ, ಈಗ ಕೈಯಿಂದ ಕೈಗೆ ದಾಟಿ ಚಿತ್ರಶಾಲೆ ಸೇರಿರುವ 'ಮಗುಚಿದ ಬಕೀಟಿನ ಮೇಲಿನ ಕೋಳಿ' ಚಿತ್ರದ ಸೂಚಿ ಕಾರ್ಡು ಹುಡುಕಿದೆ. ಸಿಕ್ಕಿತು. ಕಲಾವಿದರು ಎಂಬಲ್ಲಿ ತಮ್ಮ ಹೆಸರಿತ್ತು.

ಮೊದಲು ಮೈ ಉರಿಯಿತು. ಆಮೇಲೆ 'ಅ' ಅಕ್ಷರದ ಡ್ರಾಯರುಗಳನ್ನು ಎಳೆದೆಳೆದು ನೋಡಿದಾಗ ಉರಿ ಭಕ್ತಿಗೆ ತಿರುಗಿತು. ಆರುನೂರು ವರ್ಷ ಆಯಸ್ಸು, ಕಲ್ಲು ಕಂಚು ದಂತ ಬಟ್ಟೆ ಯಾವುದನ್ನೂ ಬಿಡದ ಕೈ, ಒಂದೇ ವರ್ಷ ಮೂರು ರಾಜರ ಬಳಿ ದುಡಿಮೆ, ಹನ್ನೊಂದು ಡ್ರಾಯರು ತುಂಬ ಕೆಲಸ ಮಾಡಿಯೂ ಒಂದಕ್ಕೂ ಸಹಿ ಹಾಕದ ವಿನಯ! ಇಂಥವರಿಗೆ ತೊಂಬತ್ತರ ಮುದುಕಿಯ ಒಂದು ಕೋಳಿ ಎಂದರೆ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಲ್ಲವೇ?

ಸಂಗತಿ ತಿಳಿದ ಅಜ್ಜಿ, "ಯಾರೋ ಅವನು? ನನ್ನ ಕೋಳಿಗೆ ಅವನ್ಯಾಕೆ ಹೆಸರು ಹಾಕ್ಕೊಂಡ?" ಎಂದಳು. ಬರುವ ಶುಕ್ರವಾರ ಚಿತ್ರಶಾಲೆಯಲ್ಲಿ ಪ್ರದರ್ಶನವಿದೆ. ಕಾರ್ಡಿನಲ್ಲಿದ್ದ ಹೆಸರೇ ಗೋಡೆಗೂ ಬರುತ್ತದೆ. ಅಲ್ಲಿ ತನ್ನ ಹೆಸರನ್ನು ತಾನೇ ಓದಬೇಕೆಂದು ಅಜ್ಜಿ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾಳೆ. ಗ್ರಂಥಪಾಲಕಿಯವರು, "ಚಿತ್ರದಲ್ಲಿ ಅವರ ಸಹಿ ತೋರ್ಸಿ, ಈಗ್ಲೇ ತಿದ್ತೀನಿ" ಎನ್ನುತ್ತಾರೆ. ಸಹಿ ಇಲ್ಲ.

ಆದ್ದರಿಂದ ತಾವು ಗುರುವಾರದೊಳಗೆ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬಂದು, 'ಈ ಕೋಳಿ ನನ್ನದಲ್ಲ' ಎಂದು ಪೆನ್ಸಿಲಿನಲ್ಲಿ ಬರೆದುಕೊಡಬೇಕಾಗಿ ವಿನಂತಿ. ಪುರುಸೊತ್ತಿಲ್ಲದಿದ್ದರೆ ತಮ್ಮ ತಂದೆ ಹಿರಿಯ ಅಜ್ಞಾತರನ್ನಾದರೂ ಕಳುಹಿಸಿ. ಕೂರಲು ದಿಂಬು ಬೇಕಿದ್ದರೆ ಪುಸ್ತಕವೆಂದು ಹೇಳಿಕೊಳ್ಳಿ.

ಕೋಳಿ ವಾಪಸು ಬರುವವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಚೌಕಟ್ಟಿನ ಅಂಗಡಿಯವ

ವಿ.ಸೂ.: ಇವತ್ತು ಕಾರ್ಡನ್ನು ಮಗುಚಿ ನೋಡಿದೆ. 'ಕೆಳ ಅಂಚು ಎರಡು ಬೆರಳಷ್ಟು ಕತ್ತರಿಸಲ್ಪಟ್ಟಿದೆ, ಬಹುಶಃ ಸಹಿ ಅಲ್ಲಿತ್ತು. ಕತ್ತರಿಸಿದವರು: ಅಜ್ಞಾತ' ಎಂದಿದೆ. ಚಿತ್ರ ಚೌಕಟ್ಟಿನೊಳಗೆ ಕೂರುತ್ತಿರಲಿಲ್ಲ ಸ್ವಾಮಿ, ಆಗಿನ್ನೂ ನಾನು ಕೆಲಸ ಕಲಿಯುತ್ತಿದ್ದೆ. ಕೋಳಿಯನ್ನು ಬಿಟ್ಟುಕೊಡಿ, ಕತ್ತರಿಯ ಕೀರ್ತಿ ಮಾತ್ರ ತಮ್ಮ ಹೆಸರಲ್ಲೇ ಇರಲಿ. ಅಜ್ಜಿಗೆ ಗೊತ್ತಾದರೆ ನಾನೂ ತಮ್ಮ ಡ್ರಾಯರಿನಲ್ಲೇ ಅಡಗಬೇಕಾದೀತು.