ಗೊಂಬೆ ಹಬ್ಬಕ್ಕೆ ಡೆನ್ಮಾರ್ಕಿನ ಚರ್ಚು

ನಾನು ಸ್ವಭಾವತಃ ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಆಫೀಸಿನಲ್ಲಿ ಪಕ್ಕದವನಿಗೆ ಬಡ್ತಿ ಸಿಕ್ಕರೆ ಸಂತೋಷದಿಂದ ಕೇಕು ತಿನ್ನುತ್ತೇನೆ. ಗೆಳೆಯನೊಬ್ಬ ಲಿವರ್‌ಮೋರ್‌ನಲ್ಲಿ ಈಜುಕೊಳವಿರುವ ಮನೆ ಕೊಂಡಾಗ ಹೋಗಿ ಈಜಿ ಬಂದೆ. ಆದರೆ ನಮ್ಮ ಎದುರು ಅಪಾರ್ಟ್‌ಮೆಂಟಿನ ರಘುನಂದನನ ವಿಷಯ ಬೇರೆ. ಅವನ ಹೆಸರು ಕಿವಿಗೆ ಬಿದ್ದರೆ ಸಾಕು, ನನ್ನ ಹೊಟ್ಟೆಯೊಳಗೆ ಯಾರೋ ಒಗ್ಗರಣೆ ಹಾಕುತ್ತಾರೆ!

ಕಾರಣ ದಸರೆ. ಅಮೆರಿಕದ ಸನ್ನಿವೇಲ್‌ನ ನಮ್ಮ ಕಾಂಪ್ಲೆಕ್ಸಿನಲ್ಲಿ ಕನ್ನಡದವರೆಲ್ಲ ಗೊಂಬೆ ಕೂರಿಸುತ್ತೇವೆ. ಉಳಿದ ಮನೆಗಳಲ್ಲಿ ಮೆಟ್ಟಿಲು ಜೋಡಿಸಿ, ಬಿಳಿ ಪಂಚೆ ಹಾಸಿ, ಮೇಲೆ ರಾಜ ರಾಣಿಯ ಪಟ್ಟದ ಗೊಂಬೆ ಇಟ್ಟು ಆರತಿ ಮಾಡಿದರೆ ಮುಗಿಯಿತು. ರಘುವಿನ ಮನೆಯಲ್ಲಿ ಹಾಗಲ್ಲ. ಅಲ್ಲಿ ಪ್ರತಿ ವರ್ಷ ಒಂದು ‘ಥೀಮು’! ಒಮ್ಮೆ ದೀಪ ಹತ್ತಿಕೊಳ್ಳುವ ಮೈಸೂರು ಅರಮನೆ. ಒಮ್ಮೆ ನಿಜವಾಗಿಯೂ ನೀರು ಧುಮುಕುವ ಜೋಗ. ಕಳೆದ ವರ್ಷ ಬೇಲೂರಿನ ದೇವಸ್ಥಾನ, ಮದನಿಕೆಯರ ಸಮೇತ. ಎಲ್ಲವನ್ನೂ ಅವನೇ ಕೈಯಾರೆ ಮಾಡಿದ್ದು. ನನ್ನ ಹೆಂಡತಿ ಸುಮನಾ ಆ ಬೇಲೂರಿನ ಮುಂದೆ ನಿಂತವಳು ಅಲ್ಲಾಡಲಿಲ್ಲ.

“ರಘು, ನಿಮ್ಮ ಕೈಗೆ ಚಿನ್ನದ ಕಡಗ ತೊಡಿಸ್ಬೇಕು ಕಣ್ರೀ!” ಎಂದಳು.

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನ ಕೈಯ ಬಗ್ಗೆ ಆಡಿದ್ದು ಒಂದೇ ಮಾತು: “ತೊಳ್ಕೊಂಡು ಬನ್ನಿ, ಊಟಕ್ಕೆ.” ಆ ಸಂಜೆ ನಾನು ರಘುವಿನ ಮನೆಯ ಉಸಲಿ ಅಗಿಯುತ್ತ ಶಪಥ ಮಾಡಿದೆ. ಮುಂದಿನ ದಸರೆಗೆ ಇದೇ ಹೆಂಡತಿಯ ಬಾಯಿಂದ, ಇದೇ ರಘುವಿನ ಎದುರಿಗೆ, ನನ್ನ ಕೈಯನ್ನು ಹೊಗಳಿಸದಿದ್ದರೆ ನಾನು ಮುರಳೀಧರನೇ ಅಲ್ಲ!

ದೇವರು ದೊಡ್ಡವನು. ಈ ವರ್ಷ ಕಂಪನಿಯವರು ನನ್ನನ್ನು ಕೆಲಸದ ಮೇಲೆ ಡೆನ್ಮಾರ್ಕಿಗೆ ಕಳಿಸಿದರು. ರಜೆಯ ದಿನ ಅಲ್ಲಿನ ಸಹೋದ್ಯೋಗಿಯೊಬ್ಬ ತನ್ನ ಹಳ್ಳಿಯ ಪುರಾತನ ಚರ್ಚು ತೋರಿಸಲು ಕರೆದೊಯ್ದ. ಬಾರ್ಲಿ ಹೊಲಗಳ ನಡುವೆ ಸುಣ್ಣ ಬಳಿದ ದಪ್ಪ ಗೋಡೆ, ಕೆಂಪು ಹೆಂಚು, ಪುಟ್ಟ ಪುಟ್ಟ ಕಿಟಕಿ. ಗೋಪುರದ ಗೋಡೆ ತುದಿಗೆ ಹೋಗುತ್ತ ಎರಡೂ ಕಡೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗಿತ್ತು. ಒಳಗೆ ಹೋದರೆ ಕಮಾನು ಚಾವಣಿಯ ತುಂಬ ಚಿತ್ರಗಳು! ಬಳ್ಳಿ, ನಕ್ಷತ್ರ, ಆಡಮ್, ಈವ್, ಬೆಣ್ಣೆ ಕಡೆಯುತ್ತಿರುವ ಹೆಂಗಸು, ಅವಳಿಗೆ ಕೀಟಲೆ ಮಾಡುವ ದೆವ್ವಗಳು. ಮೂಲೆಯಲ್ಲಿ ನರಕ. ನರಕವೆಂದರೆ ಬಾಯಿ ಅಗಲಿಸಿಕೊಂಡ ಒಂದು ದೊಡ್ಡ ಪ್ರಾಣಿ. ದೆವ್ವಗಳು ಪಾಪಿಗಳಿಗೆ ಹಗ್ಗ ಕಟ್ಟಿ ಅದರೊಳಗೆ ಎಳೆದು ಹಾಕುತ್ತಿದ್ದವು. ಓದು ಬಾರದ ರೈತರಿಗೆಂದು ಬರೆದದ್ದಂತೆ. ಮುಂದೆ ಯಾವುದೋ ಕಾಲದಲ್ಲಿ ಇವೆಲ್ಲ ಬೇಡವೆಂದು ಸುಣ್ಣ ಬಳಿದು ಮುಚ್ಚಿಬಿಟ್ಟರಂತೆ. ತಲೆಮಾರುಗಳು ಕಳೆದ ಮೇಲೆ ಯಾರೋ ಸುಣ್ಣ ಕೆರೆದು ನೋಡಿದರೆ ಚಿತ್ರಗಳು ಹಾಗೇ ಇದ್ದವಂತೆ!

ಸಹೋದ್ಯೋಗಿ ಭಕ್ತಿಯಿಂದ ವಿವರಿಸುತ್ತಿದ್ದ. ನನ್ನ ಕಣ್ಣು ಮಾತ್ರ ಕಿಟಕಿಯಾಚೆಯ ಆ ಗೋಪುರದ ನೆರಳಿನ ಮೇಲಿತ್ತು. ಮೆಟ್ಟಿಲು! ಇದು ಚರ್ಚಿನ ಗೋಡೆಯಲ್ಲ, ಸಾಕ್ಷಾತ್ ಗೊಂಬೆ ಕೂರಿಸುವ ಮೆಟ್ಟಿಲು! ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿತ್ತು. ರಘುನಂದನ ಡೆನ್ಮಾರ್ಕ್ ನೋಡಿಲ್ಲ.

ಮನೆಗೆ ಬಂದು ಚರ್ಚಿನ ಫೋಟೋ ತೋರಿಸಿ ಸುಮನಾಗೆ ವಿಷಯ ಅರಿಕೆ ಮಾಡಿದೆ.

“ಗೊಂಬೆ ಹಬ್ಬಕ್ಕೆ ಚರ್ಚಾ? ನಿಮಗೆ ಜೆಟ್‌ಲ್ಯಾಗು ಇನ್ನೂ ಇಳಿದಿಲ್ಲ, ಮಲ್ಕೊಳ್ಳಿ.”

“ಕಲೆಗೆ ಧರ್ಮ ಇಲ್ಲ ಸುಮನಾ. ಮೆಟ್ಟಿಲು ನೋಡು! ತುದೀಲಿ ಪಟ್ಟದ ಗೊಂಬೆ, ಕೆಳಗೆ ದಶಾವತಾರ, ಬಾಗಿಲಲ್ಲಿ ಶೆಟ್ಟಿ ದಂಪತಿ ಅಂಗಡಿ ಇಟ್ಕೊಂಡು ಕೂತಿರ್ತಾರೆ.”

“ರಘು ಹತ್ರ ಒಂದು ಮಾತು ಕೇಳಿದ್ರೆ ಐಡಿಯಾ ಕೊಡ್ತಿದ್ರು.”

ಅಷ್ಟೇ. ಆ ಮಾತಿನ ಮೇಲೆ ಸ್ವತಃ ಡೆನ್ಮಾರ್ಕಿನ ದೊರೆ ಬಂದು ಬೇಡವೆಂದರೂ ನಾನು ನಿಲ್ಲುವವನಾಗಿರಲಿಲ್ಲ.

ಲಿವಿಂಗ್ ರೂಮಿನ ಸೋಫಾ ಗೋಡೆಗೆ ಸರಿಯಿತು. ಫೋಮ್ ಬೋರ್ಡು, ಗೋಂದು, ಬಣ್ಣ, ಕತ್ತರಿ ಮನೆಯನ್ನು ಆಕ್ರಮಿಸಿದವು. ಒಳಗಿನ ಚಿತ್ರ ಜನರಿಗೆ ಕಾಣಲೆಂದು ಚರ್ಚಿನ ಒಂದು ಬದಿಯ ಗೋಡೆಯನ್ನೇ ಕಟ್ಟಲಿಲ್ಲ. ಸತ್ಯ ಹೇಳುತ್ತೇನೆ, ಚಿತ್ರಗಳು ನಾನೇ ನಂಬಲಾರದಷ್ಟು ಚೆನ್ನಾಗಿ ಬಂದವು. ಆಡಮ್ ಸ್ವಲ್ಪ ನಮ್ಮ ಮ್ಯಾನೇಜರನಂತೆ ಕಾಣುತ್ತಿದ್ದ, ಅದು ಬೇರೆ ಮಾತು. ಕಡೆಗೆ ನರಕದ ಬಾಯಿಗೆ ಬಂದೆ. ದೆವ್ವ ಬರೆದೆ, ಹಗ್ಗ ಬರೆದೆ. ಹಗ್ಗದ ತುದಿಗೆ ಒಬ್ಬ ಪಾಪಿ ಬೇಕಲ್ಲ? ಕೈ ತಾನೇ ತಾನಾಗಿ ಓಡಿತು. ಗುಂಗುರು ಕೂದಲು ಬಂತು. ಚೌಕಾಕಾರದ ಕನ್ನಡಕ ಬಂತು. ಟ್ರಿಮ್ ಮಾಡಿದ ಮೀಸೆ ಬಂತು. ಹಿಂದೆ ಸರಿದು ನೋಡಿದೆ. ರಘುನಂದನ ಹಗ್ಗ ಬಿಗಿಸಿಕೊಂಡು ನರಕಕ್ಕೆ ಹೊರಟಿದ್ದ! ಅಷ್ಟು ನೆಮ್ಮದಿ ನನಗೆ ಯೋಗದ ಕ್ಲಾಸಿನಲ್ಲೂ ಸಿಕ್ಕಿರಲಿಲ್ಲ.

ಸುಮನಾ ಕಾಫಿ ಹಿಡಿದು ಬಂದವಳು ಮೂಲೆಗೆ ಬಗ್ಗಿದಳು.

“ರೀ! ಇದು ರಘು ಅಲ್ವಾ?”

“ಛೇ ಛೇ, ಮಧ್ಯಯುಗದ ರೈತ.”

“ಮಧ್ಯಯುಗದ ರೈತನಿಗೆ ಕನ್ನಡಕ ಯಾಕೆ? ನಾಚಿಕೆ ಆಗ್ಬೇಕು ನಿಮಗೆ. ಹಬ್ಬದ ದಿನ ಅವರೆಲ್ಲ ಬರ್ತಾರೆ, ಮೊದಲು ಅಳಿಸಿ ಅದನ್ನ.”

ಅಳಿಸಲು ಮನಸ್ಸಾಗಲಿಲ್ಲ. ಆಗಲೇ ನನಗೆ ಆ ಸುಣ್ಣದ ಕತೆ ನೆನಪಾಗಿದ್ದು. ಎಲ್ಲ ಚಿತ್ರಗಳ ಮೇಲೂ ಬಿಳಿ ಬಳಿದುಬಿಡುವುದು. ಹಬ್ಬದ ಸಂಜೆ ಜನ ಸೇರಿದಾಗ, ಸುಣ್ಣ ಮುಚ್ಚಿದ ಕಲೆಯ ಇತಿಹಾಸವನ್ನು ಗಂಭೀರವಾಗಿ ಹೇಳುತ್ತ, ಎಲ್ಲರ ಕಣ್ಣೆದುರಿಗೆ ಕೆರೆದು ಒಂದೊಂದೇ ಚಿತ್ರ ಹೊರತೆಗೆಯುವುದು. ನರಕದ ಮೂಲೆಯನ್ನು ಮಾತ್ರ ಕೆರೆಯದೆ ಬಿಡುವುದು. ರಘು ಬಿಳಿಯ ಕೆಳಗೆ ಶಾಶ್ವತವಾಗಿ ನರಕದಲ್ಲಿರಲಿ, ನನಗೊಬ್ಬನಿಗೆ ಗೊತ್ತಿದ್ದರೆ ಸಾಕು!

ಹಾರ್ಡ್‌ವೇರ್ ಅಂಗಡಿಯ ಸುಣ್ಣದ ಮೂಟೆ ನೋಡಿಯೇ ಹೆದರಿದೆ. ಮನೆಯಲ್ಲಿ ರಂಗೋಲಿ ಪುಡಿ ಇತ್ತು. ನೀರಿಗೆ ಕಲಸಿ ಬಳಿದೆ. ಒಣಗಿದ ಕೂಡಲೇ ಪುಡಿ ಉದುರಿ ಕಾರ್ಪೆಟ್ಟಿಗೆ ಬಿತ್ತು. ಚಿಕ್ಕಂದಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕಲು ಅಮ್ಮ ಕುದಿಸಿ ಕೊಡುತ್ತಿದ್ದ ಮೈದಾ ಅಂಟು ನೆನಪಾಯಿತು. ಮೈದಾ ಕುದಿಸಿದೆ, ರಂಗೋಲಿ ಪುಡಿ ಬೆರೆಸಿದೆ, ಬಳಿದೆ. ಉದುರಲಿಲ್ಲ. ಧೈರ್ಯಕ್ಕೆಂದು ಇನ್ನೊಂದು ಪದರ ಬಳಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಹಬ್ಬದ ಸಂಜೆ ಮನೆ ತುಂಬ ಜನ. ಮೆಟ್ಟಿಲು ಗೋಡೆಯ ಮೇಲೆ ಗೊಂಬೆಗಳು ಭರ್ಜರಿಯಾಗಿ ಕೂತಿದ್ದವು. ರಘು, ಅವನ ಹೆಂಡತಿ, ಧಾರವಾಡದಿಂದ ಬಂದಿದ್ದ ಅವನ ಅತ್ತೆ ಎಲ್ಲರೂ ಬಂದರು. ಅತ್ತೆ ಬಿಳಿ ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿದರು.

“ಛಲೋ ಆಗೇದ್ರಿ. ಹಿಟ್ಟಿನ ಗಿರಣಿ ಏನ್ರಿ ಇದು?”

“ಚರ್ಚು, ಅಮ್ಮಾ. ಡೆನ್ಮಾರ್ಕಿಂದು.”

“ಹೌದೇನು? ಮತ್ತ ಮೈದಾ ವಾಸನಿ ಯಾಕ ಬರಾಕತ್ತೇದ?”

ಆ ಪ್ರಶ್ನೆಯನ್ನು ನಿರ್ಲಕ್ಷಿಸಿ ಗಂಟಲು ಸರಿಮಾಡಿಕೊಂಡೆ. “ಮಹನೀಯರೇ, ಮಹಿಳೆಯರೇ, ಈ ಬಿಳಿ ಗೋಡೆಯ ಹಿಂದೆ ಶತಮಾನಗಳ ಕಲೆ ಮಲಗಿದೆ. ಈಗ ಅದನ್ನು ಎಬ್ಬಿಸುತ್ತೇನೆ,” ಎಂದು ಬೆಣ್ಣೆ ಚಾಕುವಿನಿಂದ ಕೆರೆದೆ. ಏನೂ ಆಗಲಿಲ್ಲ. ಜೋರಾಗಿ ಕೆರೆದೆ. ಕಿರ್ರೆಂದಿತು. ಮೈದಾ ಒಣಗಿ ಕಲ್ಲಾಗಿತ್ತು! ಸುಮನಾ ಕಣ್ಣಲ್ಲೇ “ಸಾಕು” ಅಂದಳು. ಸಾಕು ಅಂದರೆ ಹೇಗೆ? ರಘು ಕೈಕಟ್ಟಿ ನೋಡುತ್ತಿದ್ದಾನೆ! ಅಡುಗೆಮನೆಯಿಂದ ದೋಸೆ ಮಗುಚುವ ಕೈ ತಂದು ಇದ್ದಬದ್ದ ಶಕ್ತಿ ಹಾಕಿ ತಳ್ಳಿದೆ. ಬಂತು. ಬಿಳಿಯ ಜೊತೆಗೆ ಬಣ್ಣವೂ ಬಂತು, ಬಣ್ಣದ ಜೊತೆಗೆ ಫೋಮ್ ಬೋರ್ಡಿನ ಸಿಪ್ಪೆಯೂ ಬಂತು. ಆಡಮ್ ಹೋದ. ಈವ್ ಹೋದಳು. ಬೆಣ್ಣೆ ಕಡೆಯುವವಳು ಕಡೆಗೋಲಿನ ಸಮೇತ ಹೋದಳು. ಕಮಾನು ಅಲ್ಲಾಡಿ ತುದಿಯ ರಾಜ ರಾಣಿ ಶೆಟ್ಟಿಯ ಅಂಗಡಿಯ ಮೇಲೆ ಬಿದ್ದರು. ನಾನು ಇಂಗು ತಿಂದ ಮಂಗನಂತೆ ನಿಂತೆ.

“ಮುರಳಿ, ಒಂದ್ನಿಮಿಷ,” ಎಂದ ರಘು. “ಮೈದಾ ಅಲ್ವಾ? ಕೆರೀಬಾರದು. ಬಿಸಿ ನೀರಲ್ಲಿ ನೆನೆಸ್ಬೇಕು. ಸುಮನಾ, ಒಂದು ಸ್ಪಾಂಜು ಕೊಡ್ತೀರಾ?”

ನನ್ನ ಹೆಂಡತಿ ಓಡಿ ತಂದಳು. ನನಗೆಂದೂ ಅವಳು ಹಾಗೆ ಓಡಿದ್ದಿಲ್ಲ.

“ಎಲ್ಲಾ ಕಡೆ ಡ್ಯಾಮೇಜು ಆಗಿದೆ,” ರಘು ಬಗ್ಗಿದ. “ಹಾಂ, ಈ ಮೂಲೆ ಒಂದು ನೀವು ಮುಟ್ಟಿಲ್ಲ. ಇಲ್ಲಿ ಟ್ರೈ ಮಾಡೋಣ.”

ನಾನು ನಡುವೆ ನುಗ್ಗಿದೆ. “ಬೇಡ ರಘು! ಅಲ್ಲಿ ಏನೂ ಇಲ್ಲ! ಉಸಲಿ ತಗೊಳ್ಳಿ, ಆರೋಗ್ತಿದೆ!”

“ಇರ್ಲಿ ಬಿಡಿ ಮುರಳಿ, ಎಷ್ಟು ಕಷ್ಟಪಟ್ಟಿದ್ದೀರಿ. ಒಂದಾದ್ರೂ ಚಿತ್ರ ಜನ ನೋಡ್ಬೇಕು.”

ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ! ಅವನು ನಿಧಾನವಾಗಿ ಒತ್ತಿ ಒತ್ತಿ ಒರೆಸಿದ. ಮೈದಾ ಕರಗಿ ಹಾಲಿನಂತೆ ಇಳಿಯಿತು. ಮೊದಲು ದೆವ್ವದ ಬಾಲ ಕಂಡಿತು. ಜನ “ಓಹ್!” ಎಂದರು. ಹಗ್ಗ ಕಂಡಿತು. ಚಪ್ಪಾಳೆ ಬಿತ್ತು. ಸುಮನಾ ನನ್ನ ತೋಳು ಜಿಗುಟಿದಳು. ಕನ್ನಡಕ ಕಂಡಿತು. ಚಪ್ಪಾಳೆ ನಿಂತಿತು. ಕೊನೆಗೆ ಇಡೀ ರಘು, ರಘುವಿನ ಕೈಯಿಂದಲೇ, ರಘುವಿನ ಮುಂದೆ ಅವತರಿಸಿದ.

ಧಾರವಾಡದ ಅತ್ತೆ ಮುಂದೆ ಬಂದು ಬಗ್ಗಿ ನೋಡಿದರು.

“ಅಯ್ಯ! ನಮ್ಮ ಅಳಿಯಾ ಅದಾರಲ್ರಿ ಇಲ್ಲೆ! ಯಾರಿದು, ಹಗ್ಗಾ ಹಾಕಿ ಎಳ್ಯಾಕತ್ತಾರ?”

ರಘು ಎದ್ದು ನಿಂತ. ಸ್ಪಾಂಜು ಕೆಳಗಿಟ್ಟ. ಬೈಯಲಿ, ಹೊಡೆಯಲಿ, ಎದುರು ಅಪಾರ್ಟ್‌ಮೆಂಟು ಖಾಲಿ ಮಾಡಿಕೊಂಡು ಹೋಗಲಿ ಎಂದು ಕಣ್ಣು ಮುಚ್ಚಿಕೊಂಡೆ. ಅವನು ನನ್ನನ್ನು ತಬ್ಬಿಕೊಂಡ!

“ನನ್ನನ್ನೂ ಸೇರಿಸಿದ್ದೀರಾ ಮುರಳಿ! ಇಷ್ಟು ವರ್ಷ ಗೊಂಬೆ ಕೂರಿಸ್ತಿದ್ದೀನಿ, ಯಾರೂ ನನ್ನ ಚಿತ್ರ ಬರೆದಿರ್ಲಿಲ್ಲ. ಆ ದೆವ್ವ ನೀವಾ?”

ಏನು ಹೇಳಲಿ! ಹೌದು ಎಂದೆ. ಎಲ್ಲರೂ ನಕ್ಕರು, ಮತ್ತೆ ಚಪ್ಪಾಳೆ ತಟ್ಟಿದರು. ಹಾಳು ಚರ್ಚಿನಿಂದ ಕಲೆಯನ್ನು ಉಳಿಸಿದವನೆಂದು ರಘುವಿನ ಜೊತೆ ಫೋಟೋ ತೆಗೆಸಿಕೊಂಡರು. ಅವನು ಆ ಮೂಲೆಯನ್ನು ಜೋಪಾನವಾಗಿ ಕತ್ತರಿಸಿ, ಫ್ರೇಮು ಹಾಕಿಸುತ್ತೇನೆಂದು ಮನೆಗೆ ಒಯ್ದ.

ಜನರೆಲ್ಲ ಹೋದ ಮೇಲೆ ನಾನು ಕಾರ್ಪೆಟ್ಟಿನ ಮೇಲೆ ಕೂತು ಮೈದಾ ಕೆರೆಯುತ್ತಿದ್ದೆ. ಸುಮನಾ ಬಂದು ಪಕ್ಕದಲ್ಲಿ ಕೂತಳು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದೆ.

“ನಿಜ ಹೇಳ್ತೀನಿ ರೀ,” ಎಂದಳು ಮೆಲ್ಲಗೆ. “ನೀವು ಇಷ್ಟು ಚೆನ್ನಾಗಿ ಚಿತ್ರ ಬರೀತೀರಾ ಅಂತ ನನಗೆ ಗೊತ್ತೇ ಇರ್ಲಿಲ್ಲ.”

ನನ್ನ ಕಿವಿಗೆ ಅಮೃತ ಬಿದ್ದಂತಾಯಿತು. ತಲೆ ಎತ್ತಿದೆ, ಎದೆ ಉಬ್ಬಿಸಿದೆ. “ಯಾವುದು ಹೆಚ್ಚು ಇಷ್ಟ ಆಯ್ತು?” ಎಂದೆ.

“ರಘು,” ಎಂದಳು. “ನರಕಕ್ಕೆ ಹೋಗ್ತಿದ್ರೂ ಎಷ್ಟು ಲಕ್ಷಣವಾಗಿದ್ರು!”